ಬಿ. ಎಲ್. ರೈಸ್: ಒಂದು ವಾಕ್ಯದ ಕರ್ತೃ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಾನು ಮಾಡಿದ ಕೆಲಸ ಬಹುಮಟ್ಟಿಗೆ ಒಂದೇ. ಇಂಗ್ಲಿಷ್ ವಾಕ್ಯವೊಂದನ್ನು ಕರಿಯ ಹಲಗೆಯ ಮೇಲೆ ಬರೆದು, ಅದರ ನಡುವೆ ಒಂದು ಗೆರೆ ಎಳೆದು, ಇತ್ತ ಸಬ್ಜೆಕ್ಟ್, ಅತ್ತ ಪ್ರೆಡಿಕೇಟ್ ಎಂದು ವಿಂಗಡಿಸಿ ತೋರಿಸುವುದು. ಅಜ್ಜಂಪುರದಲ್ಲಿ ಹುಟ್ಟಿ, ಕಡೂರಿನಲ್ಲಿ ಓದಿ, ತರೀಕೆರೆಯ ಕಡೆಯ ಶಾಲೆಯೊಂದರಲ್ಲಿ ಉಪಾಧ್ಯಾಯನಾದ ನನಗೆ ಇದಕ್ಕಿಂತ ಘನವಾದ ವಿದ್ಯೆಯನ್ನು ಬೋಧಿಸುವ ಯೋಗ ಬರಲಿಲ್ಲ. ಅದಕ್ಕಾಗಿ ನಾನು ವ್ಯಥೆಪಟ್ಟವನೂ ಅಲ್ಲ. ಆದರೆ ಈ ಪಾಠದ ನಡುವೆ ಒಮ್ಮೆ ನಾನು ಮಾಡಿದ ಒಂದು ಅನ್ಯಾಯ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಅದೇ ಅನ್ಯಾಯ ನನ್ನನ್ನು ಒಬ್ಬ ಮಹನೀಯರ ಜೀವನಚರಿತ್ರೆಯ ಕಡೆಗೆ ಕರೆದುಕೊಂಡು ಹೋಯಿತು. ಅವರು ಬೆಂಜಮಿನ್ ಲೂಯಿ ರೈಸ್, ಕನ್ನಡ ನಾಡಿನ ಶಾಸನಗಳನ್ನು ಅಚ್ಚಿಗೆ ತಂದವರು.

ನಮ್ಮ ಮಕ್ಕಳಿಗೆ ಈ ಪಾಠ ಕಠಿನವೆನಿಸುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಬಂದಳು ಎಂದರೆ ಸಾಕು. ಬಂದವಳು ಹೆಣ್ಣು, ಒಬ್ಬಳೇ, ಮಾತನಾಡುವವರಿಗೂ ಕೇಳುವವರಿಗೂ ಹೊರತಾದವಳು ಎಂಬುದೆಲ್ಲ ಆ ಒಂದು ಕ್ರಿಯಾಪದದಲ್ಲಿಯೇ ಅಡಗಿದೆ. ಕರ್ತೃಪದವನ್ನು ಬಿಟ್ಟರೂ ವಾಕ್ಯ ಕೆಡದು. ಇಂಗ್ಲಿಷಿನ ಕೇಮ್ ಎಂಬ ಕ್ರಿಯಾಪದಕ್ಕೆ ಆ ಶಕ್ತಿಯಿಲ್ಲ. ನಾನು, ನೀನು, ಅವಳು, ಅವರು, ಎಲ್ಲರಿಗೂ ಅದೊಂದೇ ರೂಪ. ಆದ್ದರಿಂದ ಆ ಭಾಷೆಯಲ್ಲಿ ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳುವುದಕ್ಕೆ ಯಾರೂ ಇಲ್ಲದಾಗಲೂ ಇಟ್ ಈಸ್ ರೈನಿಂಗ್ ಎಂದು ಒಂದು ಬರಿಯ ಸರ್ವನಾಮವನ್ನಾದರೂ ತಂದು ನಿಲ್ಲಿಸಬೇಕು. ಇದನ್ನು ಕಂಡ ಮಕ್ಕಳು ವಾಕ್ಯದಲ್ಲಿ ಮೊದಲು ಸಿಕ್ಕಿದ ನಾಮಪದವನ್ನೇ ಸಬ್ಜೆಕ್ಟ್ ಎಂದು ಹಿಡಿದುಬಿಡುತ್ತಾರೆ. ಆನ್ ದಿ ಹಿಲ್ ಸ್ಟ್ಯಾಂಡ್ಸ್ ಎ ಟೆಂಪಲ್ ಎಂದು ಬರೆದರೆ ಬೆಟ್ಟವೇ ಕರ್ತೃವೆನ್ನುತ್ತಾರೆ. ನಿಂತಿರುವುದು ದೇವಾಲಯ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾನು ಹೇಳಿಕೊಡುತ್ತಿದ್ದ ಉಪಾಯ ಇಷ್ಟೆ. ಮೊದಲು ಪೂರ್ಣಕ್ರಿಯಾಪದವನ್ನು ಹುಡುಕಬೇಕು. ಅದು ಸಿಕ್ಕಿದ ಮೇಲೆ ಅದರ ಎದುರಿಗೆ ನಿಂತು, ಯಾರು ಅಥವಾ ಯಾವುದು ಎಂದು ಕೇಳಬೇಕು. ಬರುವ ಉತ್ತರವೇ ಸಬ್ಜೆಕ್ಟ್, ಮಿಕ್ಕುದೆಲ್ಲ ಪ್ರೆಡಿಕೇಟ್.

ಒಂದು ದಿನ ಇದೇ ಪಾಠಕ್ಕೆ ನಾನೇ ಒಂದು ವಾಕ್ಯವನ್ನು ಕಟ್ಟಿದೆ. ಮಿಸ್ಟರ್ ರೈಸ್ ಡಿಸ್ಕವರ್ಡ್ ದಿ ಓಲ್ಡ್ ಸ್ಟೋನ್ಸ್ ಆಫ್ ಅವರ್ ಡಿಸ್ಟ್ರಿಕ್ಟ್. ನಮ್ಮ ಜಿಲ್ಲೆಯ ಹಳೆಯ ಕಲ್ಲುಗಳನ್ನು ರೈಸರು ಕಂಡುಹಿಡಿದರು ಎಂದು ಇದರ ಅರ್ಥ. ಗೆರೆ ಎಳೆಯುವುದಕ್ಕೆ ಇದಕ್ಕಿಂತ ಸುಲಭವಾದ ವಾಕ್ಯವುಂಟೆ? ಅಜ್ಜಂಪುರದ ಬಳಿಯ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. ಈ ವಾಕ್ಯಕ್ಕೆ ರೈಸರು ಸಬ್ಜೆಕ್ಟ್ ಆಗಲಾರರು ಎಂದ. ಅವರ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆಯಂತೆ. ಅದರ ಮುಂದೆ ಅವನ ಅಜ್ಜಿ ವರ್ಷವರ್ಷವೂ ದೀಪ ಹಚ್ಚುತ್ತಾಳಂತೆ. ಅವಳ ಅತ್ತೆಯೂ ಹಚ್ಚುತ್ತಿದ್ದಳಂತೆ. ಹಾಗಿರುವಾಗ ಅದನ್ನು ಕಂಡುಹಿಡಿದವರು ಬೇರೊಬ್ಬರು ಹೇಗಾದಾರು ಎಂಬುದು ಅವನ ಪ್ರಶ್ನೆ. ತರಗತಿಯೆಲ್ಲ ನಕ್ಕಿತು. ನಾನು ವ್ಯಾಕರಣಕ್ಕೂ ಅಜ್ಜಿಗೂ ಸಂಬಂಧವಿಲ್ಲವೆಂದು ಗದರಿಸಿ, ಅವನ ಉತ್ತರಕ್ಕೆ ಸೊನ್ನೆ ಹಾಕಿ ಕೂರಿಸಿದೆ. ವ್ಯಾಕರಣದ ದೃಷ್ಟಿಯಿಂದ ನಾನು ಹೇಳಿದ್ದು ಸರಿ. ಆದರೂ ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ನನ್ನ ವಾಕ್ಯವನ್ನು ಸಮರ್ಥಿಸಿಕೊಳ್ಳಬೇಕೆಂಬ ಹಟದಿಂದಲೇ ನಾನು ರೈಸರ ವಿಷಯವನ್ನು ಓದತೊಡಗಿದೆ.

ರೈಸರು ಹೆಸರಿನಿಂದ ಆಂಗ್ಲರಾದರೂ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ನೆಯ ಇಸವಿಯ ಜುಲೈ 17ರಂದು. ತಂದೆ ರೆವರೆಂಡ್ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯ ಹೆಸರಿನದು, ಮಗನದಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸರು ನಮ್ಮ ರೈಸರ ತಮ್ಮಂದಿರು. ಹೀಗೆ ಮನೆಯೇ ಕನ್ನಡದ ಮನೆ. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದ ಇವರು 1860ರಲ್ಲಿ ಹಿಂತಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದದ್ದು ಆ ಶಾಲೆಯೇ. ರೈಸರೂ ಮೊದಲು ನನ್ನಂತೆಯೇ ಒಬ್ಬ ಉಪಾಧ್ಯಾಯರೆಂಬುದನ್ನು ಓದಿದಾಗ ನನಗೆ ಅವರಲ್ಲಿ ಒಂದು ಸಲುಗೆ ಹುಟ್ಟಿತು.

1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಮೂರು ವರ್ಷಗಳಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರ ಕೆಲಸವೂ ಅವರ ಪಾಲಿಗೆ ಬಂತು. ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆ 1868ರಲ್ಲಿ ಅವರ ಮೂಲಕ ಹೊರಟಿತು. ಅದುವರೆಗೆ ಸರ್ಕಾರದ ವಿದ್ಯೆ ಪಟ್ಟಣದ ಸೊತ್ತಾಗಿತ್ತು. ಅದು ಹಳ್ಳಿಗೆ ಇಳಿದದ್ದು ಈ ಹೋಬಳಿ ಶಾಲೆಗಳಿಂದ. ಕಡೂರು, ತರೀಕೆರೆಗಳ ಕಡೆಗೆ ರೈಲು ಇನ್ನೂ ಬಾರದಿದ್ದ ಕಾಲ ಅದು. ಶಾಲೆಗಳನ್ನು ನೋಡಬೇಕಾದ ಅಧಿಕಾರಿ ಊರಿಂದೂರಿಗೆ ನಿಧಾನವಾಗಿ ಹೋಗಬೇಕು. ಹಾಗೆ ಹೋಗುವಾಗ ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಊರಬಾಗಿಲಿನಲ್ಲಿ ಬರೆಹವಿರುವ ಕಲ್ಲುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಅವನ್ನು ಓದಬಲ್ಲವರು ಊರಿನಲ್ಲಿ ವಿರಳ. ಲಿಪಿ ಹಳೆಯದು, ಮಾತು ಅದಕ್ಕಿಂತ ಹಳೆಯದು.

ಅದೇ ಸುಮಾರಿಗೆ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳೇನೋ ಸಿದ್ಧವಾದವು, ಅವುಗಳಲ್ಲಿ ಏನಿದೆಯೆಂದು ಹೇಳುವವರು ಬೇಕಾಯಿತು. ಆ ಭಾರ ರೈಸರ ಮೇಲೆ ಬಿತ್ತು. ಅವರ ಅನುವಾದಗಳು ಮೈಸೂರು ಶಾಸನಗಳೆಂಬ ಹೆಸರಿನ ಇಂಗ್ಲಿಷ್ ಗ್ರಂಥವಾಗಿ 1879ರಲ್ಲಿ ಹೊರಬಂದವು. ಈ ನಡುವೆ ಅವರು ಮೈಸೂರಿನ ಗ್ಯಾಸೆಟಿಯರನ್ನೂ ಸಿದ್ಧಪಡಿಸಿದ್ದರು; 1881ರ ಜನಗಣತಿಯನ್ನು ನಡೆಸಿದರು; ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಯಾದರು. ಒಬ್ಬ ಅಧಿಕಾರಿಯ ಜೀವನಕ್ಕೆ ಇಷ್ಟೇ ಸಾಕಾಗಿತ್ತು. ಆದರೆ ಕಲ್ಲುಗಳು ಅವರನ್ನು ಬಿಡಲಿಲ್ಲ. 1885ರ ಸುಮಾರಿಗೆ ಪ್ರಾಚ್ಯಶೋಧನೆಯ ಇಲಾಖೆ ಅವರ ಕೈಗೆ ಬಂತು. 1890ರಿಂದ ಅದೇ ಅವರ ಪೂರ್ಣಕಾಲದ ಉದ್ಯೋಗವಾಯಿತು.

ಎಪಿಗ್ರಾಫಿಯಾ ಕರ್ನಾಟಿಕ ಎಂಬ ಗ್ರಂಥಮಾಲೆಯನ್ನು ಕಂಡವರಿಗೆ ಅದರ ಗಾತ್ರವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕೊಡಗಿನ ಶಾಸನಗಳು 1886ರಲ್ಲಿ, ಶ್ರವಣಬೆಳಗೊಳದವು 1889ರಲ್ಲಿ ಅಚ್ಚಾದವು. ಮುಂದಿನ ಸಂಪುಟಗಳು 1894ರಿಂದ 1905ರವರೆಗೆ ಜಿಲ್ಲೆಯ ಬಳಿಕ ಜಿಲ್ಲೆಯಾಗಿ ಬಂದವು. ಒಟ್ಟು ಹನ್ನೆರಡು ಸಂಪುಟಗಳು, 8,800ಕ್ಕೂ ಮಿಗಿಲಾದ ಶಾಸನಗಳು. ಒಂದೊಂದು ಸಂಪುಟದಲ್ಲಿಯೂ ಪೀಠಿಕೆ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ. ಆರನೆಯದು ಕಡೂರು ಜಿಲ್ಲೆಯ ಸಂಪುಟ, ಅಚ್ಚಾದದ್ದು 1901ರಲ್ಲಿ. ಈಗ ಚಿಕ್ಕಮಗಳೂರು ಎನ್ನುವ ನಮ್ಮ ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಕಡೂರು. ಅಜ್ಜಂಪುರ ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ರೈಸರ ಕಾಲಕ್ಕೆ ಅದರ ಕಲ್ಲುಗಳೆಲ್ಲ ತರೀಕೆರೆಯ ಲೆಕ್ಕಕ್ಕೆ ಸೇರಿದವು.

ಗ್ರಂಥಾಲಯವೊಂದರಲ್ಲಿ ಆ ಆರನೆಯ ಸಂಪುಟ ಸಿಕ್ಕಿತು. ಅದನ್ನು ತೆರೆದ ಮೊದಲ ದಿನವೇ ನನ್ನ ಕರಿಯ ಹಲಗೆ ನೆನಪಿಗೆ ಬಂದಿತೆಂದರೆ ವಾಚಕರು ನಗಬಾರದು. ಹೊಯ್ಸಳರ ಕಾಲದ ಶಾಸನವೊಂದನ್ನು ಎತ್ತಿಕೊಳ್ಳಿ. ಆರಂಭದಲ್ಲಿ ಮಂಗಳದ ಮಾತು. ಆಮೇಲೆ ರಾಜನ ಬಿರುದುಗಳು, ಸಾಲಿನ ಮೇಲೆ ಸಾಲು. ಅವನು ಗೆದ್ದ ದೇಶಗಳು, ಅವನ ಕುಲ, ಅವನ ಕತ್ತಿ. ಓದುವವನು ಈ ರಾಜನೇ ವಾಕ್ಯದ ಕರ್ತೃವೆಂದು ನಂಬಿಬಿಡುತ್ತಾನೆ. ಆದರೆ ಅಷ್ಟು ದೊಡ್ಡ ಮೆರವಣಿಗೆ ಕೊನೆಗೆ ಹೋಗಿ ನಿಲ್ಲುವುದು ರಾಜ್ಯಂಗೆಯ್ಯುತ್ತಿರೆ ಎಂಬ ಮಾತಿನಲ್ಲಿ. ಇರೆ ಎಂದರೆ ಇರಲಾಗಿ, ಇರುತ್ತಿದ್ದಾಗ. ಅದು ಪೂರ್ಣಕ್ರಿಯಾಪದವಲ್ಲ. ರಾಜ ಅಲ್ಲಿಗೆ ಒಂದು ಕಾಲಸೂಚಕ ಉಪವಾಕ್ಯದ ಕರ್ತೃ ಮಾತ್ರ. ನಿಜವಾದ ಕ್ರಿಯಾಪದ ಇನ್ನೂ ಕೆಳಗಿದೆ. ಬಿಟ್ಟ, ನಿಲಿಸಿದ, ಮಾಡಿಸಿದ, ಎಂಬಂಥ ಒಂದು ಸಣ್ಣ ಮಾತು. ಅದರ ಎದುರಿಗೆ ನಿಂತು ಯಾರು ಎಂದು ಕೇಳಿದರೆ ಉತ್ತರವಾಗಿ ಬರುವವನು ಒಬ್ಬ ದಂಡನಾಯಕ, ಒಬ್ಬ ಗವುಂಡ, ಒಬ್ಬ ವ್ಯಾಪಾರಿ. ಕೆಲವೊಮ್ಮೆ ಗಂಡನನ್ನು ಕಳೆದುಕೊಂಡು ಕಲ್ಲು ನಿಲ್ಲಿಸಿದ ಒಬ್ಬ ಹೆಂಗಸು. ಇದನ್ನು ಇಂಗ್ಲಿಷಿಗೆ ತರುವ ರೈಸರು ಮಾಡಬೇಕಾಗಿದ್ದ ಕೆಲಸವೂ ನಾನು ಮಕ್ಕಳಿಂದ ಮಾಡಿಸುತ್ತಿದ್ದ ಕೆಲಸವೂ ಒಂದೇ ಜಾತಿಯದು. ಕ್ರಿಯಾಪದವನ್ನು ಕಡೆಯಲ್ಲಿಟ್ಟ ಭಾಷೆಯಿಂದ ಅದನ್ನು ಕರ್ತೃವಿನ ಬೆನ್ನಿಗೇ ಇಡುವ ಭಾಷೆಗೆ ಹೋಗುವಾಗ, ಎಲ್ಲಿ ಗೆರೆ ಎಳೆಯಬೇಕೆಂಬುದು ತಿಳಿಯದಿದ್ದರೆ ದಾನ ಕೊಟ್ಟವನೂ ದಾನ ಪಡೆದವನೂ ಅದಲುಬದಲಾಗುತ್ತಾರೆ.

ಕಡೂರು ತಾಲ್ಲೂಕಿನ ಒಂದನೆಯ ಶಾಸನ 971ರದು. ಒಂದು ಕಂಬದ ಮೇಲಿನದು. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಎಂಬಾಕೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸು ಮಾಡಿ, ದೇಹ ಬಿಟ್ಟಳೆಂಬುದು ಅದರ ಸಾರ. ಬೂತುಗನ ಎಂಬುದು ಅಲ್ಲಿ ಷಷ್ಠೀ ವಿಭಕ್ತಿಯಲ್ಲಿ ಬರಿಯ ವಿಶೇಷಣವಾಗಿ ನಿಂತಿದೆ. ತಪಸ್ಸಿಗೂ ಮರಣಕ್ಕೂ ಕರ್ತೃ ಆ ಹೆಣ್ಣುಮಗಳು. ಕಡೂರಿನಲ್ಲಿ ಓದಿದ ನನಗೆ ಶಾಲೆಯಲ್ಲಿ ಆಕೆಯ ಹೆಸರನ್ನು ಯಾರೂ ಹೇಳಿರಲಿಲ್ಲ. ಉಪಾಧ್ಯಾಯನಾದ ಮೇಲೆ ನಾನೂ ಯಾರಿಗೂ ಹೇಳಿರಲಿಲ್ಲ.

ತರೀಕೆರೆಯ 45ನೆಯ ಶಾಸನ ಅಮೃತಾಪುರದ್ದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತನು 1196ರಲ್ಲಿ ಅಮೃತೇಶ್ವರನ ಗುಡಿಯನ್ನು ಕಟ್ಟಿಸಿದ. ಮರುವರ್ಷದ ಆ ಶಾಸನವನ್ನು ರಚಿಸಿದವನು ಕವಿ ಜನ್ನ. ಯಶೋಧರ ಚರಿತೆಯನ್ನು ಅವನು ಬರೆದದ್ದು ಅದಾದ ಹನ್ನೆರಡು ವರ್ಷಗಳ ಮೇಲೆ, 1209ರಲ್ಲಿ. ಗುಡಿಯ ಕೆಲಸದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಕೈಯಿದೆ. ಜನ್ನನ ಸೋದರಳಿಯ ಕೇಶಿರಾಜ ಮುಂದೆ ಶಬ್ದಮಣಿದರ್ಪಣವನ್ನು ಬರೆದು, ಕನ್ನಡದ ನಾಮಪದ ಕ್ರಿಯಾಪದಗಳಿಗೆ ಲಕ್ಷಣ ಹೇಳಿದ. ಕನ್ನಡ ವ್ಯಾಕರಣದ ಬಗ್ಗೆ ರೈಸರಿಗೂ ಪ್ರೀತಿ ಇತ್ತು. ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು 1884ರಲ್ಲಿ, ಭಟ್ಟಾಕಳಂಕನ ಶಬ್ದಾನುಶಾಸನವನ್ನು 1890ರಲ್ಲಿ ಅಚ್ಚು ಮಾಡಿಸಿದವರು ಅವರು. ಪಂಪಭಾರತವು 1898ರಲ್ಲಿ ಅವರಿಂದ ಬೆಳಕು ಕಂಡಿತು. ಕಲ್ಲನ್ನು ಓದುವುದಕ್ಕೆ ಕಣ್ಣು ಮಾತ್ರ ಸಾಲದು, ವ್ಯಾಕರಣವೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಅಮೃತಾಪುರದಲ್ಲಿ ನನಗೆ ಇನ್ನೊಂದು ಸಂಗತಿ ಹೊಳೆಯಿತು. ನಮ್ಮ ಪೂರ್ವಿಕರು ಕೆಲಸವನ್ನೂ ಕೆಲಸ ಮಾಡಿಸಿದ್ದನ್ನೂ ಕಲಸಿ ಹೇಳುತ್ತಿರಲಿಲ್ಲ. ಗುಡಿಯನ್ನು ಮಾಡಿಸಿದವನು ಒಬ್ಬ, ಶಾಸನವನ್ನು ಬರೆದವನು ಒಬ್ಬ, ಅದನ್ನು ಕಲ್ಲಿನಲ್ಲಿ ಕಂಡರಿಸಿದವನು ಒಬ್ಬ. ಅನೇಕ ಶಾಸನಗಳ ಕೊನೆಯಲ್ಲಿ ಇವರ ಹೆಸರುಗಳು ಬೇರೆ ಬೇರೆಯಾಗಿ, ಒಂದೊಂದು ಕರ್ತೃವಿಗೆ ಒಂದೊಂದು ಕ್ರಿಯಾಪದವಾಗಿ ಬರುತ್ತವೆ. ಮಾಡಿದ, ಮಾಡಿಸಿದ ಎಂಬ ಎರಡು ಪದಗಳ ನಡುವೆ ಇರುವುದು ಇಸು ಎಂಬ ಒಂದು ಪ್ರತ್ಯಯ. ಆ ಸಣ್ಣ ಪ್ರತ್ಯಯದಲ್ಲಿ ಎಷ್ಟು ನ್ಯಾಯವಿದೆ!

ಈ ಅಳತೆಗೋಲನ್ನು ರೈಸರಿಗೇ ಹಿಡಿದು ನೋಡಿದೆ. ಸಾವಿರ ಸಾವಿರ ಕಲ್ಲುಗಳನ್ನು ಒಬ್ಬ ಮನುಷ್ಯ ತಾನೇ ತೊಳೆದು, ತಾನೇ ನಕಲು ತೆಗೆದು, ತಾನೇ ಓದಿ ಮುಗಿಸಲು ಒಂದು ಜನ್ಮ ಸಾಲದು. ಹಳ್ಳಿಯಿಂದ ಹಳ್ಳಿಗೆ ಹೋದವರಲ್ಲಿ ಇಲಾಖೆಯ ಪಂಡಿತರಿದ್ದರು. ಮಣ್ಣು ಮೆತ್ತಿದ ಕಲ್ಲನ್ನು ತೊಳೆದು, ಅಕ್ಷರದ ಮೇಲೆ ಬೆರಳಾಡಿಸಿ, ಬಿಸಿಲಿನಲ್ಲಿ ಕುಳಿತು ಪ್ರತಿ ಮಾಡಿದವರು ಅವರು. ಅವರಿಗೆ ದಾರಿ ತೋರಿಸಿದವರು ಊರಿನ ಶಾನುಭೋಗ, ಪಟೇಲ, ದನ ಕಾಯುವ ಹುಡುಗ. ರೈಸರ ಸಹಾಯಕರಾಗಿದ್ದವರಲ್ಲಿ ಆರ್. ನರಸಿಂಹಾಚಾರ್ಯರ ಹೆಸರು ಮಾತ್ರ ನಮ್ಮೆಲ್ಲರಿಗೂ ಪರಿಚಿತ. 1906ರಲ್ಲಿ ರೈಸರು ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ಅವರೇ. ಈ ಶಾಸನಗಳ ನೆರವಿನಿಂದ ಕನ್ನಡ ಕವಿಗಳ ಕಾಲವನ್ನು ಗೊತ್ತುಪಡಿಸಿ ಕರ್ಣಾಟಕ ಕವಿಚರಿತೆಯನ್ನು ಬರೆದವರೂ ಅವರೇ. ಮಿಕ್ಕ ಪಂಡಿತರ ಹೆಸರುಗಳು ಸಾಮಾನ್ಯ ವಾಚಕನ ಕಿವಿಗೆ ಬಿದ್ದಿಲ್ಲ.

ಹಾಗೆಂದು ರೈಸರ ಹಿರಿಮೆಯನ್ನು ಕಡಮೆ ಮಾಡುವುದು ನನ್ನ ಉದ್ದೇಶವಲ್ಲ. ನಾಡಿನ ಒಂದು ಕಲ್ಲೂ ತಪ್ಪಬಾರದು, ರಾಜನ ಕಲ್ಲಿಗೂ ತುರು ಕಾಯಲು ಹೋಗಿ ಸತ್ತವನ ಕಲ್ಲಿಗೂ ಅದೇ ಸಂಖ್ಯೆ ಅದೇ ಅಚ್ಚು ಎಂದು ನಿಶ್ಚಯಿಸಿ, ಅದನ್ನು ಕೊನೆಗಾಣಿಸಿದ ಸಂಕಲ್ಪ ಅವರದು. ಅದುವರೆಗೆ ಊರಿಗೆ ಊರೇ ಪೂಜಿಸುತ್ತಿದ್ದ, ಆದರೆ ಓದಲಾರದಿದ್ದ ಬರೆಹಗಳು ಓದುವವರ ಕೈಗೆ ಬಂದವು. 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದು, ನಮ್ಮ ನಾಡಿನ ಇತಿಹಾಸ ಏಕಾಏಕಿ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂಜರಿಯಿತು. ತಪ್ಪುಗಳೂ ಇದ್ದವು. ಅವಸರದ ಪಾಠಗಳನ್ನು ಮುಂದಿನ ವಿದ್ವಾಂಸರು ತಿದ್ದಿದರು. ಗಂಗರ ತಾಮ್ರಶಾಸನಗಳನ್ನು ರೈಸರು ನೆಚ್ಚಿದ್ದನ್ನು ಫ್ಲೀಟರು ಬಲವಾಗಿ ವಿರೋಧಿಸಿದರು. ಅವುಗಳಲ್ಲಿ ಅನೇಕವು ಕೂಟಶಾಸನಗಳೆಂಬುದು ಅವರ ವಾದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಈ ಸಂಪುಟಗಳನ್ನು ಪರಿಷ್ಕರಿಸಿ ಹೊಸದಾಗಿ ಹೊರತರತೊಡಗಿತು. ತಿದ್ದುವುದಕ್ಕೆ ಮೊದಲು ಪುಸ್ತಕವೊಂದು ಬೇಕು. ಆ ಪುಸ್ತಕವನ್ನು ಕೊಟ್ಟವರು ರೈಸರು.

ನಿವೃತ್ತರಾದ ಮೇಲೆ ಅವರು ಇಂಗ್ಲೆಂಡಿಗೆ ಹೋಗಿ ಹ್ಯಾರೋ ಎಂಬಲ್ಲಿ ನೆಲೆಸಿದರು. ಶಾಸನಗಳಿಂದ ತಿಳಿದುಬಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಒಂದೇ ಗ್ರಂಥವಾಗಿ 1909ರಲ್ಲಿ ಹೊರತಂದರು. 1927ರ ಜುಲೈ 10ರಂದು, ತೊಂಬತ್ತು ತುಂಬುವುದಕ್ಕೆ ಒಂದು ವಾರವಿರುವಾಗ, ತೀರಿಕೊಂಡರು. ಬೆಂಗಳೂರಿನಲ್ಲಿ ಹುಟ್ಟಿದವರು, ಆಯುಸ್ಸಿನ ಸಾರವನ್ನೆಲ್ಲ ಈ ನೆಲದ ಕಲ್ಲುಗಳಿಗೆ ಕೊಟ್ಟವರು. ಕಡೆಯ ಇಪ್ಪತ್ತು ವರ್ಷ ಮಾತ್ರ ಅವರಿಗೂ ಆ ಕಲ್ಲುಗಳಿಗೂ ನಡುವೆ ಸಮುದ್ರವಿತ್ತು.

ಇಷ್ಟನ್ನೂ ಓದಿ ಮುಗಿಸುವ ಹೊತ್ತಿಗೆ ನನ್ನ ಹಳೆಯ ವಾಕ್ಯದ ತಪ್ಪು ನನಗೆ ಗೊತ್ತಾಗಿತ್ತು. ತಪ್ಪಿದ್ದುದು ಕರ್ತೃಪದದಲ್ಲಿ ಅಲ್ಲ, ಆಖ್ಯಾತದಲ್ಲಿ. ಸಬ್ಜೆಕ್ಟ್ ಸರಿಯಾಗಿಯೇ ಇತ್ತು. ಅದಕ್ಕೆ ನಾನು ಕಟ್ಟಿದ ಪ್ರೆಡಿಕೇಟ್ ಸರಿಯಾಗಿರಲಿಲ್ಲ. ರೈಸರು ನಮ್ಮ ಜಿಲ್ಲೆಯ ಕಲ್ಲುಗಳನ್ನು ಕಂಡುಹಿಡಿಯಲಿಲ್ಲ. ಕಾಣುತ್ತಲೇ ಇದ್ದ ಕಲ್ಲುಗಳನ್ನು ಓದಿದರು, ಓದಿಸಿದರು, ಅಚ್ಚು ಹಾಕಿಸಿದರು. ಕಲ್ಲನ್ನು ಉಳಿಸಿಕೊಂಡು ಬಂದದ್ದು ಎಂಬ ಬೇರೊಂದು ಕ್ರಿಯೆ ಇದೆ. ಅದಕ್ಕೆ ಬೇರೊಬ್ಬ ಕರ್ತೃ. ದೀಪ ಹಚ್ಚುತ್ತಿದ್ದ ಆ ಅಜ್ಜಿಗೆ ಕಲ್ಲಿನ ಮೇಲಿನ ವೀರನ ಹೆಸರು ತಿಳಿದಿರಲಿಲ್ಲ. ರೈಸರಿಗೆ ಆ ಅಜ್ಜಿಯ ಹೆಸರು ತಿಳಿದಿರಲಿಲ್ಲ. ಇಬ್ಬರೂ ಇಲ್ಲದಿದ್ದರೆ ಆ ವೀರ ನಮಗೆ ಸಿಕ್ಕುತ್ತಿರಲಿಲ್ಲ.

ಆ ಹುಡುಗನಿಗೆ ಹಾಕಿದ ಸೊನ್ನೆಯನ್ನು ತಿದ್ದಬೇಕೆಂದುಕೊಳ್ಳುವ ಹೊತ್ತಿಗೆ ಅವನು ಶಾಲೆ ಬಿಟ್ಟು ಹೋಗಿದ್ದ. ಅವನನ್ನು ಮತ್ತೆ ಕಾಣುವ ಅವಕಾಶ ನನಗೆ ಬರಲಿಲ್ಲ. ಅಂದಿನಿಂದ ನಿವೃತ್ತನಾಗುವವರೆಗೂ ನಾನು ಪ್ರತಿ ವರ್ಷ ಅದೇ ವಾಕ್ಯವನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಆದರೆ ಡಿಸ್ಕವರ್ಡ್ ಎಂಬ ಪದದ ಜಾಗವನ್ನು ಖಾಲಿ ಬಿಡುತ್ತಿದ್ದೆ. ಮೊದಲು ಗೆರೆ ಎಳೆಯಿರಿ, ಆಮೇಲೆ ಆ ಜಾಗಕ್ಕೆ ತಕ್ಕ ಕ್ರಿಯಾಪದವನ್ನು ಯೋಚಿಸಿ ತುಂಬಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ರೆಡ್ ಎಂದು ಬರೆದವರೂ ಇದ್ದರು, ಪ್ರಿಂಟೆಡ್ ಎಂದವರೂ ಇದ್ದರು, ಸೇವ್ಡ್ ಎಂದವರೂ ಇದ್ದರು. ಪ್ರತಿಯೊಂದಕ್ಕೂ ನಾನು ಪೂರ್ಣ ಅಂಕ ಕೊಟ್ಟೆ.